ಗೇಮ್ ಬಂದೂಕಿನ ಅಟ್ಯಾಚ್‌ಮೆಂಟ್‌ಗಳು: ಎಷ್ಟು ನಿಜ, ಎಷ್ಟು ಅನುಕೂಲ?

ಪಬ್‌ಜಿ ಅಥವಾ ಬಿಜಿಎಂಐ ಆಡುವವರಿಗೆಲ್ಲ ಈ ಖುಷಿ ಗೊತ್ತು. ಯಾವುದೋ ಮನೆಯ ಮಹಡಿಯಲ್ಲಿ ಲೂಟ್ ಹುಡುಕುವಾಗ ಸಪ್ರೆಸರ್ ಸಿಗುತ್ತದೆ. ಬ್ಯಾಗ್ ತೆರೆದು ಅದನ್ನು ಎಕೆಎಂ ಮೇಲೆ ಎಳೆದು ಬಿಟ್ಟರೆ ಸಾಕು, ಕೂತುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಎಂ416 ಸಿಕ್ಕರೆ ಅದೇ ಸಪ್ರೆಸರ್ ಅದಕ್ಕೂ ಹೊಂದುತ್ತದೆ. ನಿಜದಲ್ಲಿ ಎಕೆಎಂ ನಳಿಗೆಯ ತುದಿಯಲ್ಲಿರುವುದು 14 ಮಿಲಿಮೀಟರ್ ಅಳತೆಯ, ಎಡಕ್ಕೆ ತಿರುಗಿಸಿ ಬಿಗಿಯುವ ಥ್ರೆಡ್. ಎಂ416ನ್ನು ಹೋಲುವ ಅಮೆರಿಕದ ಎಂ4 ರೈಫಲ್ಲಿನದು ಅರ್ಧ ಇಂಚಿನ, ಬಲಕ್ಕೆ ಬಿಗಿಯುವ ಥ್ರೆಡ್. ಒಂದರದು ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ.

ಇದನ್ನು ಗೇಮ್ ಮಾಡಿದವರ ಅಜ್ಞಾನ ಎಂದು ನಗುವುದು ಸುಲಭ. ಆದರೆ ನಿಜವಾದ ವ್ಯತ್ಯಾಸ ಥ್ರೆಡ್ಡಿನಲ್ಲಿಲ್ಲ. ಅಸಲಿ ಬಂದೂಕಿಗೆ ಏನನ್ನೇ ಜೋಡಿಸಿದರೂ ಒಂದು ಲಾಭದ ಜೊತೆ ಒಂದು ನಷ್ಟ ಬರುತ್ತದೆ. ಬಹುಪಾಲು ಗೇಮ್‌ಗಳು ಲಾಭವನ್ನಷ್ಟೇ ಕೊಟ್ಟು ನಷ್ಟವನ್ನು ಅಳಿಸಿಬಿಡುತ್ತವೆ. ಯಾವ ಗೇಮ್ ಎಷ್ಟು ನೈಜ ಎಂದು ಅಳೆಯಲು ಈ ಲೆಕ್ಕವೇ ಸರಿಯಾದ ಅಳತೆಗೋಲು.

ಸಪ್ರೆಸರ್: ಸದ್ದು ಇಳಿಯುತ್ತದೆ, ಮಾಯವಾಗುವುದಿಲ್ಲ

ಗುಂಡಿನ ಹಿಂದೆಯೇ ನಳಿಗೆಯಿಂದ ಹೊರನುಗ್ಗುವ ಅತಿ ಒತ್ತಡದ ಬಿಸಿ ಅನಿಲ ಗಾಳಿಗೆ ಬಡಿದಾಗ ಆಗುವ ಸ್ಫೋಟವೇ ಬಂದೂಕಿನ ದೊಡ್ಡ ಸದ್ದು. ಸಪ್ರೆಸರ್‌ನ ಒಳಗಿನ ಸಾಲು ಕೋಣೆಗಳಲ್ಲಿ ಈ ಅನಿಲ ಹಿಗ್ಗಿ, ಸುತ್ತಿ, ತಣಿದು, ನಿಧಾನವಾಗಿ ಹೊರಬರುತ್ತದೆ. ಬೈಕಿನ ಸೈಲೆನ್ಸರ್ ಮಾಡುವುದೂ ಇದೇ ಕೆಲಸ. ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಬಂದೂಕಿನ ಸೈಲೆನ್ಸರ್‌ಗೆ ಪೇಟೆಂಟ್ ಪಡೆದರು. ಮಷೀನ್‌ಗನ್ ಕಂಡುಹಿಡಿದ ಮ್ಯಾಕ್ಸಿಮ್ ಅವರ ಮಗ ಇವರು.

ರೈಫಲ್ ಸದ್ದು ಸುಮಾರು 160 ಡೆಸಿಬೆಲ್. ಒಳ್ಳೆಯ ಸಪ್ರೆಸರ್ ಅದನ್ನು 20ರಿಂದ 35 ಡೆಸಿಬೆಲ್ ಇಳಿಸುತ್ತದೆ. 30 ಡೆಸಿಬೆಲ್ ಇಳಿತವೆಂದರೆ ಧ್ವನಿಯ ತೀವ್ರತೆ ಸಾವಿರದಲ್ಲೊಂದು ಪಾಲಿಗೆ ಬಂದಂತೆ. ಆದರೂ ಉಳಿಯುವ 130 ಡೆಸಿಬೆಲ್ ಕಡಿಮೆ ಸದ್ದೇನಲ್ಲ. ಸಿನಿಮಾದಲ್ಲಿ ಕೇಳುವ ‘ಪುಸ್’ ಎಂಬ ಸದ್ದಿಗೂ ಇದಕ್ಕೂ ಸಂಬಂಧವೇ ಇಲ್ಲ.

ಎರಡನೆಯ ಸದ್ದು ಗುಂಡಿನದೇ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 5.56 ಎಂಎಂ ಗುಂಡು ಹೊರಡುವುದು ಸುಮಾರು 900 ಮೀಟರ್ ವೇಗದಲ್ಲಿ. ಶಬ್ದವನ್ನು ಮೀರಿ ಓಡುವ ಗುಂಡು ತನ್ನ ದಾರಿಯುದ್ದಕ್ಕೂ ಚಟೀರೆಂದು ಸಿಡಿಯುತ್ತ ಹೋಗುತ್ತದೆ. ಇದನ್ನು ಯಾವ ಸಪ್ರೆಸರ್ರೂ ತಡೆಯಲಾರದು. ಸಪ್ರೆಸರ್ ಇದ್ದರೆ ಹೊಡೆದವನು ಎಲ್ಲಿದ್ದಾನೆಂದು ಪತ್ತೆಹಚ್ಚುವುದು ಕಷ್ಟವಾಗುತ್ತದೆ, ಅಷ್ಟೇ.

ಸಿಡಿತವೂ ಬೇಡವೆಂದರೆ ಗುಂಡಿನ ವೇಗವನ್ನೇ ಇಳಿಸಬೇಕು. ರಷ್ಯಾದ ವಿಎಸ್‌ಎಸ್ ರೈಫಲ್ ಮಾಡುವುದು ಅದನ್ನೇ. ಅದರ 9×39 ಎಂಎಂ ಗುಂಡು ಭಾರವಾದದ್ದು, ವೇಗ ಸುಮಾರು 290 ಮೀಟರ್ ಮಾತ್ರ. ನಿಧಾನವಾಗಿ ಹೋಗುವುದರಿಂದ ದಾರಿಯಲ್ಲಿ ಬಹಳ ಕೆಳಗೆ ಬಾಗುತ್ತದೆ. ಪಬ್‌ಜಿಯ ವಿಎಸ್‌ಎಸ್‌ನಲ್ಲಿ ದೂರದ ಎನಿಮಿಗೆ ಗುರಿಯನ್ನು ತುಂಬ ಮೇಲಕ್ಕೆ ಹಿಡಿಯಬೇಕಾಗುವುದು ಇದಕ್ಕೇ. ಇಲ್ಲಿ ಗೇಮ್ ನಷ್ಟವನ್ನೂ ಪ್ರಾಮಾಣಿಕವಾಗಿ ತೋರಿಸಿದೆ. ಆದರೆ ಆ ರೈಫಲ್‌ಗೂ ಪಿಸ್ತೂಲ್‌ಗೂ ಒಂದೇ ಪೆಟ್ಟಿಗೆಯ 9 ಎಂಎಂ ಗುಂಡು ಕೊಟ್ಟಿದೆ. ಪಿಸ್ತೂಲಿನ 9×19 ತೋಟಾ ಬೇರೆಯೇ ಜಾತಿಯದು.

ಇನ್ನೊಂದು ತಪ್ಪು ತಿಳಿವಳಿಕೆ, ಸಪ್ರೆಸರ್ ಹಾಕಿದರೆ ಗುಂಡಿನ ಬಲ ಕುಗ್ಗುತ್ತದೆ ಎಂಬುದು. ರಸ್ಟ್ ಗೇಮ್‌ನಲ್ಲಿ ಹಾಗೇ ಆಗುತ್ತದೆ. ನಿಜದಲ್ಲಿ ಗುಂಡು ಸಪ್ರೆಸರ್‌ನ ಗೋಡೆಗೆ ತಾಗದೆ ಹೋಗುವುದರಿಂದ ಅದರ ವೇಗ ಕುಗ್ಗುವುದಿಲ್ಲ. ನಿಜವಾದ ಬೆಲೆ ಬೇರೆ: ಬಂದೂಕಿನ ಮೂತಿ ಉದ್ದವಾಗುತ್ತದೆ, ತುದಿಯಲ್ಲಿ ಅರ್ಧ ಕಿಲೋದಷ್ಟು ಭಾರ ಸೇರುತ್ತದೆ, ಸತತವಾಗಿ ಹೊಡೆದರೆ ಲೋಹ ಕೈಸುಡುವಷ್ಟು ಕಾಯುತ್ತದೆ, ಅನಿಲ ಹಿಂದಕ್ಕೆ ನುಗ್ಗಿ ಹೊಡೆಯುವವನ ಮುಖಕ್ಕೇ ಬರುತ್ತದೆ.

ಸ್ಕೋಪ್: ಕೂರಿಸಿದರೆ ಸಾಲದು, ಹೊಂದಿಸಬೇಕು

ಗೇಮ್‌ನಲ್ಲಿ 4ಎಕ್ಸ್ ಸ್ಕೋಪ್ ಕೂರಿಸಿದ ಮರುಕ್ಷಣ ಗುಂಡು ಗೆರೆಯ ನಡುವಿಗೇ ಹೋಗುತ್ತದೆ. ನಿಜದಲ್ಲಿ ಸ್ಕೋಪ್ ನೋಡುವ ಗೆರೆಯನ್ನೂ ಗುಂಡು ಹೋಗುವ ಗೆರೆಯನ್ನೂ ಒಂದು ನಿರ್ದಿಷ್ಟ ದೂರದಲ್ಲಿ ಕೂಡಿಸಬೇಕು. ಇದೇ ‘ಜೀರೋ’ ಮಾಡುವುದು. ಗುರಿಹಲಗೆಗೆ ಹೊಡೆದು, ಗುಂಡು ಬಿದ್ದಲ್ಲಿಗೂ ಗುರಿಗೂ ಇರುವ ಅಂತರ ನೋಡಿ, ಸ್ಕೋಪಿನ ಗುಬುಟನ್ನು ಕ್ಲಿಕ್ ಕ್ಲಿಕ್ ಎಂದು ತಿರುಗಿಸಿ, ಮತ್ತೆ ಹೊಡೆದು ನೋಡಬೇಕು. ನಳಿಗೆಗೂ ಸ್ಕೋಪಿಗೂ ಒಂದು ಡಿಗ್ರಿಯ ಹತ್ತನೇ ಒಂದು ಪಾಲು ವ್ಯತ್ಯಾಸವಿದ್ದರೂ 300 ಮೀಟರ್ ದೂರದಲ್ಲಿ ಗುಂಡು ಅರ್ಧ ಮೀಟರ್ ಆಚೆ ಬೀಳುತ್ತದೆ. ಸತ್ತ ಎನಿಮಿಯ ಸ್ಕೋಪ್ ಕಿತ್ತು ನಮ್ಮ ಬಂದೂಕಿಗೆ ಹಾಕಿ ತಕ್ಷಣ ಹೆಡ್‌ಶಾಟ್ ಹೊಡೆಯುವುದು ಗೇಮ್‌ನಲ್ಲಿ ಮಾತ್ರ ಸಾಧ್ಯ.

ಕೂರಿಸಲೂ ಜಾಗ ಬೇಕು. ಇಂದಿನ ರೈಫಲ್‌ಗಳ ಮೇಲಿರುವ ಹಲ್ಲುಹಲ್ಲಿನ ಪಟ್ಟಿ ಪಿಕಟಿನಿ ರೈಲ್. ಅಮೆರಿಕದ ಸೇನೆ 1995ರಲ್ಲಿ ಅದರ ಅಳತೆಯನ್ನು ಗಟ್ಟಿ ಮಾಡಿತು. ಎರಡು ತೋಡುಗಳ ನಡುವಿನ ಅಂತರ ಸುಮಾರು 10 ಮಿಲಿಮೀಟರ್. ಎಲ್ಲ ಕಂಪನಿಗಳೂ ಒಂದೇ ಅಳತೆ ಪಾಲಿಸಿದ್ದರಿಂದಲೇ ಒಂದರ ಸ್ಕೋಪ್ ಇನ್ನೊಂದಕ್ಕೆ ಕೂರುವಂತಾಯಿತು. ಹಳೆಯ ಎಕೆಎಂನಲ್ಲಿ ಈ ರೈಲ್ ಇಲ್ಲ. ಎಕೆ ಬಳಗದಲ್ಲಿ ಸ್ಕೋಪನ್ನು ಸಾಮಾನ್ಯವಾಗಿ ಎಡಮಗ್ಗುಲಿಗೆ ಬಡಿದ ಪಟ್ಟಿಗೆ ಸಿಕ್ಕಿಸಬೇಕು. ಎಸ್ಕೇಪ್ ಫ್ರಮ್ ಟಾರ್ಕೋವ್ ಗೇಮ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅಲ್ಲಿ ಎಕೆಗೆ ಸ್ಕೋಪ್ ಬೇಕೆಂದರೆ ಮೊದಲು ಸರಿಯಾದ ಮೌಂಟ್ ಹುಡುಕಬೇಕು. ಹೊಂದದ್ದು ಹೊಂದುವುದಿಲ್ಲ.

ಕಾಂಪೆನ್ಸೇಟರ್ ಮತ್ತು ಗ್ರಿಪ್: ಒದೆತ ಎಲ್ಲಿಗೆ ಹೋಯಿತು?

ಗುಂಡು ಮುಂದಕ್ಕೆ ಹೋದಷ್ಟೇ ಬಲವಾಗಿ ಬಂದೂಕು ಹಿಂದಕ್ಕೆ ಒದೆಯುತ್ತದೆ. ಹೆಗಲು ನಳಿಗೆಗಿಂತ ಕೆಳಗಿದ್ದರೆ ಮೂತಿ ಮೇಲಕ್ಕೇಳುತ್ತದೆ. ಕಾಂಪೆನ್ಸೇಟರ್ ಅನಿಲವನ್ನು ಮೇಲ್ಮುಖವಾಗಿ ಚಿಮ್ಮಿಸಿ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಎಕೆಎಂನ ತುದಿ ಓರೆಯಾಗಿ ಕತ್ತರಿಸಿದಂತಿರುವುದು ಇದಕ್ಕೇ. ಅನಿಲದ ದಿಕ್ಕು ಬದಲಿಸುವ ಇಂಥ ಸಾಧನಗಳಿಂದ ಅಕ್ಕಪಕ್ಕದವರ ಕಿವಿಗೆ ಬಡಿತ ಹೆಚ್ಚು, ನೆಲಕ್ಕೆ ಮಲಗಿ ಹೊಡೆದರೆ ಧೂಳೂ ಏಳಬಹುದು. ಗೇಮ್‌ಗಳು ಈ ಎರಡನ್ನೂ ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಮುಂದಿನ ಗ್ರಿಪ್ ಅನಿಲವನ್ನು ತಿರುಗಿಸುವುದಿಲ್ಲ, ಆದ್ದರಿಂದ ಒದೆತದ ಬಲವನ್ನು ಕಡಿಮೆ ಮಾಡಲಾರದು. ಕೈಗೆ ಗಟ್ಟಿ ಹಿಡಿತ ಕೊಟ್ಟು, ಬಂದೂಕನ್ನು ಬೇಗ ಗುರಿಗೆ ಮರಳಿ ತರಲು ನೆರವಾಗುತ್ತದೆ. ಆ ಲಾಭ ಸಿಗುವುದು ಅಭ್ಯಾಸ ಇದ್ದವನಿಗೆ. ಗೇಮ್ ಅದನ್ನು ಅಂಕಿಗಳಲ್ಲಿ ಎಲ್ಲರಿಗೂ ಸಮನಾಗಿ ಹಂಚುತ್ತದೆ.

ಮ್ಯಾಗಜಿನ್: ದೊಡ್ಡದಾದಷ್ಟೂ ಭಾರ

ಪಬ್‌ಜಿಯ ಎಕ್ಸ್‌ಟೆಂಡೆಡ್ ಮ್ಯಾಗ್ ಹಾಕಿದರೆ 30 ಗುಂಡು 40 ಆಗುತ್ತದೆ. ಒಂದು 5.56 ತೋಟಾ ಸುಮಾರು 12 ಗ್ರಾಂ ಇರುವುದರಿಂದ ಹತ್ತು ಹೆಚ್ಚಾದರೆ 120 ಗ್ರಾಂ ಕೂಡುತ್ತದೆ. ಮ್ಯಾಗಜಿನ್ನಿನ ಡಬ್ಬಿ ಉದ್ದವಾಗಿ, ಮಲಗಿದಾಗ ನೆಲಕ್ಕೆ ತಾಗಿ ತಲೆ ಎತ್ತಬೇಕಾಗುತ್ತದೆ. ಎಕೆಎಂನ ತೋಟಾ ಬುಡದಲ್ಲಿ ದಪ್ಪ, ಮುಂದಕ್ಕೆ ಸಣ್ಣ. ಒಂದರ ಮೇಲೊಂದು ಪೇರಿಸಿದರೆ ಸಾಲು ತಾನಾಗಿ ಬಾಗುತ್ತದೆ, ಮ್ಯಾಗಜಿನ್ನೂ ಬಾಗಿರಲೇಬೇಕು. ಎಂ4ರ ಡಬ್ಬಿ ಅದಕ್ಕೆ ಹೊಂದುವ ಪ್ರಶ್ನೆಯೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ರೀಲೋಡ್‌ನಲ್ಲಿದೆ. 12 ಗುಂಡು ಉಳಿದಿರುವಾಗ ರೀಲೋಡ್ ಮಾಡಿದರೆ ಪಬ್‌ಜಿ ಆ 12ನ್ನು ಬ್ಯಾಗಿಗೆ ಸೇರಿಸಿ ಪೂರ್ತಿ ತುಂಬಿಸುತ್ತದೆ. ನಿಜದಲ್ಲಿ ಅವು ಹಳೆಯ ಡಬ್ಬಿಯಲ್ಲೇ ಉಳಿಯುತ್ತವೆ. ಡೇಜೆಡ್ ಮತ್ತು ಟಾರ್ಕೋವ್ ಗೇಮ್‌ಗಳಲ್ಲಿ ಸುರಕ್ಷಿತ ಜಾಗ ಹುಡುಕಿ, ಕೂತು, ಒಂದೊಂದೇ ಗುಂಡನ್ನು ಮ್ಯಾಗಜಿನ್‌ಗೆ ತುಂಬಬೇಕು. ಆ ಕೆಲವು ಸೆಕೆಂಡುಗಳಲ್ಲಿ ಆಟಗಾರ ಅಪಾಯಕ್ಕೆ ತೆರೆದುಕೊಂಡಿರುತ್ತಾನೆ.

ಬೆಲೆ ಉಳಿಸಿಕೊಂಡ ಆಟ

ಜೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್‌ನ ಡೇಜೆಡ್ ಈ ಲೆಕ್ಕವನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ. ಅಲ್ಲಿ ರೆಡ್ ಡಾಟ್ ಸಿಕ್ಕಿತೆಂದು ಹಿಗ್ಗುವಂತಿಲ್ಲ, 9 ವೋಲ್ಟ್ ಬ್ಯಾಟರಿ ಇಲ್ಲದೆ ಕೆಂಪು ಚುಕ್ಕೆ ಮೂಡುವುದಿಲ್ಲ. ಸಪ್ರೆಸರ್ ಪ್ರತಿ ಗುಂಡಿಗೂ ಸವೆಯುತ್ತ ಕೊನೆಗೆ ಹಾಳಾಗುತ್ತದೆ. ಎಕೆಯದು ಎಂ4ಗೆ ಕೂರುವುದಿಲ್ಲ. ಆದ್ದರಿಂದ ಪ್ರತಿ ಬಿಡಿಭಾಗವೂ ಒಂದು ತೀರ್ಮಾನ ಬೇಡುತ್ತದೆ: ಬ್ಯಾಗಿನ ಈ ಜಾಗದಲ್ಲಿ ಸಪ್ರೆಸರ್ ಇಡಲೋ, ಊಟದ ಡಬ್ಬಿ ಇಡಲೋ?

ಪಬ್‌ಜಿ ಮಾಡಿದ್ದು ತಪ್ಪೆಂದಲ್ಲ. ಅರ್ಧ ಗಂಟೆಯಲ್ಲಿ ಮುಗಿಯುವ ಪಂದ್ಯದಲ್ಲಿ ಸ್ಕೋಪ್ ಜೀರೋ ಮಾಡುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ, ಮೊಬೈಲ್ ಪರದೆಯಲ್ಲಿ ಜಾಗವೂ ಇಲ್ಲ. ಆದರೆ ದಿನಗಟ್ಟಲೆ ಬದುಕುಳಿಯುವುದೇ ಗುರಿಯಾದ ಆಟದಲ್ಲಿ ಕೊರತೆಯೇ ಕಥೆ. ಅಲ್ಲಿ ಬೆಲೆ ಅಳಿಸಿದರೆ ಆಟವೇ ಸಪ್ಪೆಯಾಗುತ್ತದೆ.

ಹೊಸ ಗೇಮ್ ಆಡುವಾಗ ನಾಲ್ಕು ಪ್ರಶ್ನೆ ಕೇಳಿ ನೋಡಿ. ಈ ಭಾಗ ಎಲ್ಲ ಬಂದೂಕಿಗೂ ಹೊಂದುತ್ತದೆಯೇ? ಇದರಿಂದ ಭಾರ ಅಥವಾ ಉದ್ದ ಹೆಚ್ಚಿತೇ? ಬಳಸಿದಂತೆ ಸವೆಯುತ್ತದೆಯೇ? ಇದನ್ನು ಹಾಕದೆ ಇರಲು ಒಂದಾದರೂ ಕಾರಣ ಇದೆಯೇ? ಕೊನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಸಿಕ್ಕರೆ, ಆ ಗೇಮ್ ಕಟ್ಟಿದವರು ಬಂದೂಕನ್ನು ನೋಡಿದ್ದಷ್ಟೇ ಅಲ್ಲ, ಅದು ಕೆಲಸ ಮಾಡುವ ರೀತಿಯನ್ನೂ ತಿಳಿದಿದ್ದಾರೆ ಎಂದು ಧೈರ್ಯವಾಗಿ ಹೇಳಬಹುದು.