ಹಡೆದದ್ದೆಷ್ಟು, ಉಳಿದದ್ದೆಷ್ಟು

ನಮ್ಮ ಕಡೆಯ ಹಳೆಯ ಹೆಸರುಗಳು ಕಾಲೇಜಿನ ಹಾಜರಿ ಪುಸ್ತಕದಿಂದ ಒಂದೊಂದಾಗಿ ಮರೆಯಾಗುತ್ತಿವೆ. ತಿಪ್ಪಯ್ಯ, ತಿಪ್ಪಮ್ಮ, ಗುಂಡಪ್ಪ, ಕಲ್ಲಪ್ಪ, ಹುಚ್ಚಮ್ಮ ಮೊದಲಾದವು ಈಗ ವಿದ್ಯಾರ್ಥಿಗಳ ಹೆಸರುಗಳಲ್ಲ. ಅವರ ಅಜ್ಜ ಅಜ್ಜಿಯರ ಹೆಸರುಗಳು. ಎಲ್ಲಾದರೂ ಒಂದು ಉಳಿದಿದ್ದು ಅದನ್ನು ಕೂಗಿದರೆ ಹಿಂದಿನ ಬೆಂಚಿನಿಂದ ನಗೆ ಕೇಳಿಸುವುದುಂಟು. ನಗುವವರ ತಪ್ಪೇನೂ ಇಲ್ಲ. ಆ ಹೆಸರಿನ ಹಿಂದಿರುವ ಸಂಗತಿಯನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಹುಟ್ಟಿದ ಮಕ್ಕಳು ಒಂದರ ಮೇಲೊಂದು ಸತ್ತ ಮನೆಯಲ್ಲಿ ಮತ್ತೆ ಒಂದು ಕೂಸು ಹುಟ್ಟಿದರೆ ಅದನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸುತ್ತಿದ್ದರು. ಯಾರೋ ಎಸೆದುಹೋದದ್ದನ್ನು ಎತ್ತಿಕೊಂಡು ಬಂದಂತೆ ಮನೆಗೆ ತಂದು ತಿಪ್ಪ ಎಂದೋ ತಿಪ್ಪಿ ಎಂದೋ ಹೆಸರಿಡುತ್ತಿದ್ದರು. ಗಂಡು ಕೂಸಿಗೆ ಮೂಗು ಚುಚ್ಚಿ ಗುಂಡ ಎಂದು ಕರೆಯುವುದಿತ್ತು. ನೆರೆಯವರಿಗೆ ಮಾರಿದಂತೆ ಮಾಡಿ ಮತ್ತೆ ಕೊಂಡುಕೊಳ್ಳುವುದೂ ಇತ್ತು. ಸಾವಿನ ಕಣ್ಣಿಗೆ ಇದು ಬೆಲೆಯಿಲ್ಲದ ವಸ್ತುವಾಗಿ ಕಾಣಲಿ, ಹಾಗೆ ಕಂಡರೆ ಬಿಟ್ಟುಹೋದೀತು ಎಂಬ ಆಸೆ. ಹೆತ್ತ ಮಗುವನ್ನು ಮುದ್ದಿನ ಹೆಸರಿನಿಂದ ಕರೆಯಲೂ ಅಂಜಿದ ತಾಯಂದಿರ ಚರಿತ್ರೆ ಈ ಹೆಸರುಗಳಲ್ಲಿದೆ. (ಎಲ್ಲ ತಿಪ್ಪೇಸ್ವಾಮಿಗಳೂ ಇಂಥವರೇ ಎಂದು ತಿಳಿಯಬಾರದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಆ ಹೆಸರು ಪಡೆದವರು ನಮ್ಮ ಸೀಮೆಯಲ್ಲಿ ಮನೆಮನೆಗೂ ಇದ್ದಾರೆ.)

ಈ ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತದ್ದು ಕೊಕ್ಕನೂರಿನಲ್ಲಿ. ಹರಿಹರ ತಾಲ್ಲೂಕಿನ ಈ ಊರು ಸುತ್ತಲಿನ ಜನಕ್ಕೆ ತಿಳಿದಿರುವುದು ಆಂಜನೇಯಸ್ವಾಮಿಯ ಹೆಸರಿನಿಂದ. ಶನಿವಾರ ಅಲ್ಲಿಗೆ ಬರುವವರಲ್ಲಿ ಎತ್ತಿನ ಕಾಯಿಲೆಗೆ, ಮಗನ ನೌಕರಿಗೆ ಹರಕೆ ಹೊತ್ತವರಿರುವಂತೆ ಮಗುವಿಗಾಗಿ ಬೇಡಿಕೊಳ್ಳುವವರೂ ಇರುತ್ತಾರೆ. ಬ್ರಹ್ಮಚಾರಿ ದೇವರಲ್ಲಿ ಸಂತಾನವನ್ನು ಬೇಡುವುದು ವಿಚಿತ್ರವೆಂದು ತಾರ್ಕಿಕರು ಹೇಳಿಯಾರು. ಬೇಡುವವರಿಗೆ ಆ ತರ್ಕ ಅಡ್ಡಬಂದಿಲ್ಲ. ಅಲ್ಲಿಯ ಜಗಲಿಯೊಂದರ ಮೇಲೆ ಕುಳಿತಿದ್ದ ಮುದುಕಿಯೊಬ್ಬರನ್ನು ಮಾತಿಗೆ ಮಾತು ಬಂದಾಗ, "ಎಷ್ಟು ಮಕ್ಕಳಜ್ಜಿ ನಿಮಗೆ?" ಎಂದು ಕೇಳಿದೆ. "ಹಡ್ದಿದ್ದು ಆರು, ಉಳ್ದಿದ್ದು ಎರಡು, ಮೇಷ್ಟ್ರೇ. ಎರಡು ಹೊಟ್ಟೆಯೊಳಗೇ ಹೋದವು, ಅವು ಲೆಕ್ಕಕ್ಕೆ ಬ್ಯಾರೆ" ಎಂದರು. ಪಕ್ಕದಲ್ಲಿ ಅವರ ಮೊಮ್ಮಗನ ಹೆಂಡತಿ ಇದ್ದಳು, ಪದವೀಧರೆ. ಅವಳನ್ನು ನಾನು ಏನೂ ಕೇಳಲಿಲ್ಲ. ಅಜ್ಜಿಯೇ, "ಇವಳದ್ದೂ ಹೋದ ವರ್ಷ ಒಂದು ನಿಲ್ಲಲಿಲ್ಲ" ಎಂದಾಗ ಆ ಹುಡುಗಿ ಸೆರಗು ಸರಿಪಡಿಸಿಕೊಂಡು ಎದ್ದು ಒಳಗೆ ಹೋದಳು.

ಓದಿಲ್ಲದ ಅಜ್ಜಿಗೆ ಲೆಕ್ಕ ಬರುತ್ತಿತ್ತು. ಓದಿದ ಹುಡುಗಿಗೆ ಆ ಲೆಕ್ಕವನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ. ಸತ್ತ ಮಕ್ಕಳನ್ನು ಎಣಿಕೆಯಿಂದ ಬಿಡದ ಒಂದು ರೀತಿ ನಮ್ಮ ಹಿರಿಯ ಹೆಂಗಸರಲ್ಲಿತ್ತು. 'ಮಕ್ಕಳೆಷ್ಟು' ಎಂಬ ಪ್ರಶ್ನೆಗೆ ಅವರು ಎರಡು ಸಂಖ್ಯೆಗಳ ಉತ್ತರ ಕೊಡುತ್ತಿದ್ದರು. ಈಗಿನವರು ಒಂದೇ ಸಂಖ್ಯೆ ಹೇಳಿ ಸುಮ್ಮನಾಗುತ್ತಾರೆ. ಹಿಂದೆ ಸಾವು ಮನೆಮನೆಗೂ ಬರುತ್ತಿತ್ತು, ಆದ್ದರಿಂದ ನಾಚಿಕೆಯಿರಲಿಲ್ಲ. ಈಗ ಅದು ಅಪರೂಪವಾಗಿರುವುದರಿಂದ ಕಳೆದುಕೊಂಡವಳು ಒಂಟಿಯಾಗುತ್ತಾಳೆ. ನನಗೆ ತೋರುವ ಕಾರಣ ಇದು.

ಭಾಷೆಯನ್ನು ಕಲಿಸುವವನಾದ್ದರಿಂದ ಮಾತುಗಳ ಕಡೆಗೆ ನನ್ನ ಗಮನ ಹೋಗುವುದು ಸಹಜ. ಬಸಿರು ಹೋದುದನ್ನು ಹೇಳಲು ನಮ್ಮಲ್ಲಿ 'ಇಳಿಯಿತು', 'ಹೋಯಿತು', 'ನಿಲ್ಲಲಿಲ್ಲ' ಎಂಬ ಮಾತುಗಳಿವೆ. ಇವುಗಳಲ್ಲಿ ಕರ್ತೃ ಬಸಿರು, ತಾಯಿಯಲ್ಲ. ನಿಂತರೆ ಅದೇ ನಿಲ್ಲಬೇಕು, ಹೋದರೆ ಅದೇ ಹೋಗುತ್ತದೆ. ವೈದ್ಯರು ಇಂದು ಹೇಳುವುದಕ್ಕೆ ಇದು ತೀರ ಹತ್ತಿರವಾದ ವ್ಯಾಕರಣ. ಆದರೆ ಎರಡನೆಯ ಸಲ ಹೀಗಾಯಿತೆನ್ನಿ, ಕ್ರಿಯಾಪದ ಬದಲಾಗುತ್ತದೆ: 'ಉಳಿಸಿಕೊಳ್ಳಲಿಲ್ಲ' ಎನ್ನುತ್ತಾರೆ. ಅಲ್ಲಿಗೆ ಹೆಂಗಸು ಕರ್ತೃವಾದಳು, ಅಪರಾಧಿಯೂ ಆದಳು. ಕೊಡ ಹೊತ್ತದ್ದು, ಬಸ್ಸು ಹತ್ತಿದ್ದು, ಪರಂಗಿ ಹಣ್ಣು ತಿಂದದ್ದು, ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದು ಎಲ್ಲವೂ ದೋಷಾರೋಪಣೆಯ ಪಟ್ಟಿಗೆ ಸೇರುತ್ತವೆ.

ಹಳೆಯ ಶಾಸ್ತ್ರಗಳು ಈ ವಿಷಯದಲ್ಲಿ ಒಂದು ಕಡೆ ಸೂಕ್ಷ್ಮವಾಗಿವೆ, ಇನ್ನೊಂದು ಕಡೆ ನಿರ್ದಯವಾಗಿವೆ. ಆಯುರ್ವೇದ ನಾಲ್ಕನೆಯ ತಿಂಗಳವರೆಗಿನದನ್ನು ಗರ್ಭಸ್ರಾವವೆಂದೂ ಐದು ಆರನೆಯ ತಿಂಗಳಿನದನ್ನು ಗರ್ಭಪಾತವೆಂದೂ ಬೇರೆ ಮಾಡಿ ನೋಡಿತು. ಆದರೆ ಹಾರೀತಸಂಹಿತೆ ವಂಧ್ಯೆಯರನ್ನು ಆರು ಬಗೆಯಾಗಿ ವಿಂಗಡಿಸುವಾಗ, ಬಸಿರು ನಿಲ್ಲದ ಗರ್ಭಸ್ರಾವಿಯನ್ನೂ ಹುಟ್ಟಿದ ಮಕ್ಕಳು ಸಾಯುವ ಮೃತವತ್ಸೆಯನ್ನೂ ಒಮ್ಮೆ ಹೆತ್ತು ಮತ್ತೆ ಹೆರದ ಕಾಕವಂಧ್ಯೆಯನ್ನೂ ಅದೇ ಪಂಕ್ತಿಯಲ್ಲಿ ಕೂರಿಸಿತು. ಮನುಸ್ಮೃತಿಯಂತೂ ಗಂಡನಿಗೆ ಕಾಲಾವಧಿಯನ್ನೇ ಗೊತ್ತುಮಾಡಿತು: ಹೆಂಡತಿ ಬಂಜೆಯಾದರೆ ಎಂಟನೆಯ ವರ್ಷದಲ್ಲಿ, ಮಕ್ಕಳೆಲ್ಲ ಸತ್ತವಳಾದರೆ ಹತ್ತನೆಯ ವರ್ಷದಲ್ಲಿ ಇನ್ನೊಬ್ಬಳನ್ನು ತರಬಹುದು. ಮಕ್ಕಳನ್ನು ಕಳೆದುಕೊಂಡವಳಿಗೆ ಸಿಕ್ಕಿದ ರಿಯಾಯಿತಿ ಎರಡು ವರ್ಷ! 1955ರ ಹಿಂದೂ ವಿವಾಹ ಕಾಯಿದೆ ಆ ದಾರಿಯನ್ನು ಮುಚ್ಚಿತು. ಬಾಯಿಗಳನ್ನು ಮುಚ್ಚಲು ಯಾವ ಕಾಯಿದೆಗೂ ಆಗುವುದಿಲ್ಲ. 'ವಂಧ್ಯಾ' ಎಂಬುದರ ತದ್ಭವವಾದ 'ಬಂಜೆ' ಎಂಬ ಮಾತು ಇಂದಿಗೂ ಬೈಗುಳವಾಗಿ ಚಲಾವಣೆಯಲ್ಲಿದೆ. ಮಕ್ಕಳಿಲ್ಲದ ಗಂಡಸಿಗೆ ಅದಕ್ಕೆ ಸರಿಸಮನಾದ ಮಾತನ್ನು ಕನ್ನಡ ಮಾಡಿಕೊಳ್ಳಲೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಬಾಳಿನಲ್ಲಿ ಯಾವಾಗಲಾದರೂ ಈ ತೊಂದರೆಯನ್ನು ಕಾಣುತ್ತಾರೆ. ಹೆಚ್ಚುಕಡಮೆ ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ನಮ್ಮ ನಿಘಂಟಿಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ಪುರಾಣಗಳು ಶಾಸ್ತ್ರಗಳಿಗಿಂತ ಮೃದು. ಗಾಂಧಾರಿಯ ಕತೆಯನ್ನು ಈಚೆಗೆ ಪ್ರನಾಳಶಿಶುವಿನ ಪ್ರಾಚೀನ ಪುರಾವೆಯೆಂದು ತೋರಿಸುವವರಿದ್ದಾರೆ. ನೂರೊಂದು ಕೊಡಗಳ ಮೇಲೆಯೇ ಅವರ ಕಣ್ಣು. ಎರಡು ವರ್ಷ ಹೊತ್ತರೂ ಹೆರಿಗೆಯಾಗದೆ, ಕುಂತಿಗೆ ಮಗನಾದನೆಂದು ಕೇಳಿ ತನ್ನ ಹೊಟ್ಟೆಯನ್ನು ತಾನೇ ಹೊಡೆದುಕೊಂಡ ಹೆಂಗಸಿನ ಸಂಕಟವನ್ನು ಅವರು ನೋಡುವುದಿಲ್ಲ. ನೆರೆಮನೆಯ ತೊಟ್ಟಿಲ ಶಾಸ್ತ್ರಕ್ಕೆ ಕರೆ ಬಂದ ದಿನ ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ ಅಲ್ಲವೆ?

ಆದರೆ ಈ ವಿಷಯದಲ್ಲಿ ನಿಜವಾದ ಕಾವ್ಯ ದೇವಕಿಯದು. ಕೃಷ್ಣಾಷ್ಟಮಿಯಂದು ಅಂಗಳದಿಂದ ದೇವರ ಮನೆಯವರೆಗೆ ಪುಟ್ಟ ಹೆಜ್ಜೆ ಬರೆಯುವ ನಾವು, 'ಅಷ್ಟಮಗರ್ಭ' ಎಂಬ ಮಾತಿನಲ್ಲಿ ಹಿಂದಿನ ಏಳು ಬಸಿರುಗಳ ಲೆಕ್ಕವಿದೆಯೆಂಬುದನ್ನು ಮರೆಯುತ್ತೇವೆ. ಆರು ಕೂಸುಗಳನ್ನು ಕಂಸ ಕೊಂದ. ಏಳನೆಯದು ರೋಹಿಣಿಯ ಗರ್ಭಕ್ಕೆ ಹೋಯಿತು; ಊರವರಿಗೆ ಅದು ತಿಳಿಯದು. ದೇವಕಿಯ ಬಸಿರು ಇಳಿದುಹೋಯಿತೆಂದು ಪುರಜನರು ಗೋಳಿಟ್ಟರೆಂದು ಭಾಗವತ ಹೇಳುತ್ತದೆ. ಒಬ್ಬ ಹೆಂಗಸಿನ ಗರ್ಭಪಾತಕ್ಕೆ ಒಂದು ಊರು ಬಹಿರಂಗವಾಗಿ ಅತ್ತ ಪ್ರಸಂಗ ಇದು. ಇನ್ನೂ ದೊಡ್ಡದು ಮುಂದೆ ಇದೆ. ಎಂಟನೆಯವನು ಬೆಳೆದು ದ್ವಾರಕೆಯ ಒಡೆಯನಾಗಿ, ಗುರುವಿನ ಸತ್ತ ಮಗನನ್ನು ತಂದುಕೊಟ್ಟವನೆಂಬ ಕೀರ್ತಿ ಪಡೆದ ಎಷ್ಟೋ ಕಾಲದ ಮೇಲೆ ದೇವಕಿ ಅವನನ್ನು ಒಂದೇ ಒಂದು ವರ ಕೇಳುತ್ತಾಳೆ: ಕಂಸ ಕೊಂದ ನನ್ನ ಆ ಮಕ್ಕಳನ್ನು ಒಮ್ಮೆ ತೋರಿಸು ಎಂದು. ಅವನು ಸುತಲದಿಂದ ಅವರನ್ನು ಕರೆತರುತ್ತಾನೆ. ಆಕೆ ತೊಡೆಯ ಮೇಲೆ ಕೂರಿಸಿಕೊಂಡು ಮೊಲೆಯೂಡುತ್ತಾಳೆ. ಸಾಕ್ಷಾತ್ ಭಗವಂತನೇ ಮಗನಾಗಿ ಹುಟ್ಟಿದರೂ ಹೋದ ಆರು ಮಕ್ಕಳ ಜಾಗ ತುಂಬಲಿಲ್ಲ. 'ಇನ್ನೊಂದು ಆಯಿತಲ್ಲ, ಹಳೆಯದನ್ನು ಮರೆತುಬಿಡು' ಎಂದು ಬುದ್ಧಿ ಹೇಳುವ ನೆಂಟರಿಷ್ಟರು ದಶಮಸ್ಕಂಧದ ಈ ಅಧ್ಯಾಯವನ್ನು ಓದಬೇಕು.

ಗಂಡಸಿನ ದುಃಖಕ್ಕೆ ಹೊಸಗನ್ನಡದಲ್ಲಿ ಬಾಯಿ ಕೊಟ್ಟವರು ಬೇಂದ್ರೆಯವರು. ಹಲವು ಮಕ್ಕಳನ್ನು ಕಳೆದುಕೊಂಡ ತಂದೆ ಅವರು. 1938ರ 'ನಾದಲೀಲೆ'ಯಲ್ಲಿರುವ ಆ ಪ್ರಸಿದ್ಧ ಗೀತೆಯಲ್ಲಿ ಗಂಡ ಹೆಂಡತಿಯ ನೋಟವನ್ನು ಎದುರಿಸಲಾರದೆ ಹೋಗುತ್ತಾನೆ. ಕೈಬಿಡುತ್ತಿರುವ ಕೂಸು ಇಬ್ಬರ ನಡುವೆ ಇದೆ. ನಮ್ಮ ಗಾಯಕರು ಅದನ್ನು ಪ್ರೇಮಗೀತೆಯೆಂಬಂತೆ ಹಾಡಿಬಿಡುವುದೂ ಉಂಟು, ಸಭಿಕರು ತಲೆದೂಗುವುದೂ ಉಂಟು. ಸಂದರ್ಭವನ್ನು ತರಗತಿಯಲ್ಲಿ ಹೇಳಿದ ಮೇಲೆ ಪದ್ಯವನ್ನು ಮತ್ತೊಮ್ಮೆ ಓದಿದರೆ ಹುಡುಗರು ಅಲ್ಲಾಡದೆ ಕುಳಿತಿರುತ್ತಾರೆ.

ಇನ್ನು ವೈದ್ಯಶಾಸ್ತ್ರದ ಮಾತು. ತಿಳಿದುಬಂದ ಬಸಿರುಗಳಲ್ಲಿ ನೂರಕ್ಕೆ 10ರಿಂದ 20 ಹೀಗೆ ಇಳಿದುಹೋಗುತ್ತವೆ. ಬಹುಪಾಲು ಮೊದಲ ಮೂರು ತಿಂಗಳೊಳಗೆ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ಲೆಕ್ಕ ತಪ್ಪುವುದೇ ಕಾರಣ. ಕೊಡವೂ ಅಲ್ಲ, ಗ್ರಹಣವೂ ಅಲ್ಲ. ಒಮ್ಮೆ ಹೀಗಾದವರಲ್ಲಿ ಹೆಚ್ಚಿನವರಿಗೆ ಮುಂದಿನ ಬಸಿರು ದಿನ ತುಂಬುತ್ತದೆ. ಮೇಲಿಂದ ಮೇಲೆ ಕಳೆದುಕೊಂಡವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಕಡೆಗೆ ಮಗುವನ್ನು ಕಾಣುತ್ತಾರೆ. ದಾವಣಗೆರೆಯಲ್ಲಿ 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ನಮ್ಮ ಸೀಮೆಯವರಿಗೆ ಈ ಮಾತುಗಳನ್ನು ಹೇಳಬಲ್ಲವರು ಒಂದು ಬಸ್ಸಿನ ದೂರದಲ್ಲಿದ್ದಾರೆ. ಜನ ಬಸ್ಸನ್ನೂ ಹತ್ತುತ್ತಾರೆ, ಅಶ್ವತ್ಥಕಟ್ಟೆಯ ನಾಗರಕಲ್ಲನ್ನೂ ಸುತ್ತುತ್ತಾರೆ. ಎರಡರ ನಡುವೆ ಅವರಿಗೆ ಜಗಳ ಕಂಡಿಲ್ಲ. ನಾವು ಹುಟ್ಟಿಸುವ ಅಗತ್ಯವೂ ಇಲ್ಲ. ನಂಬಿಕೆಯಿಲ್ಲದಿರುವುದು ವಿದ್ಯಾವಂತರಲ್ಲಿಯೂ ಇದೆಯಷ್ಟೆ: 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳಶಿಶು ಹುಟ್ಟಿದ ಕೆಲವೇ ವಾರಗಳಲ್ಲಿ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲನೆಯದು ಹುಟ್ಟಿತು. ಸರ್ಕಾರದ ತಜ್ಞರ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಮನ್ನಣೆ ಬಂದದ್ದು ಆಮೇಲೆ.

ಆಸ್ಪತ್ರೆಯ ಚೀಟಿಯಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಒಂದು ಸಣ್ಣ ಬರವಣಿಗೆ. ಬಸುರಿಯ ಹೆಸರಿನ ಮುಂದೆ ವೈದ್ಯರು ಜಿ, ಪಿ, ಎಲ್, ಎ ಎಂಬ ನಾಲ್ಕು ಅಕ್ಷರಗಳನ್ನೂ ಪಕ್ಕದಲ್ಲಿ ಅಂಕಿಗಳನ್ನೂ ಬರೆಯುತ್ತಾರೆ: ಎಷ್ಟು ಸಲ ಬಸಿರಾದಳು, ಎಷ್ಟು ಹೆರಿಗೆ, ಬದುಕಿರುವ ಮಕ್ಕಳೆಷ್ಟು, ಇಳಿದುಹೋದ ಬಸಿರೆಷ್ಟು. ಕೊಕ್ಕನೂರಿನ ಅಜ್ಜಿ ಜಗಲಿಯ ಮೇಲೆ ಕುಳಿತು ಹೇಳಿದ ಲೆಕ್ಕವೇ ಇದು. ಅತ್ತೆಮನೆಯಲ್ಲಿ ಯಾರೂ ಎತ್ತದ ಮಾತು ಚೀಟಿಯಲ್ಲಿ ಅಂಕಿಯಾಗಿ ನಿಂತಿರುತ್ತದೆ.

ಕಳೆದುಕೊಂಡ ಮೇಲೆ ಬರುವ ಬಸಿರು ಮೊದಲಿನದರಂತಲ್ಲ. ಮೊದಲಿನದರಲ್ಲಿ ಬಯಕೆಯಿತ್ತು, ಹುಳಿಮಾವಿತ್ತು, ತವರಿನ ನೆನಪಿತ್ತು. ಇದರಲ್ಲಿ ದಿನ ಎಣಿಸುವುದೇ ಕೆಲಸ. ಹಿಂದೆ ಹೋದದ್ದು ಹನ್ನೊಂದನೆಯ ವಾರವಾಗಿದ್ದರೆ ಆ ವಾರ ಕಳೆಯುವವರೆಗೆ ಬಚ್ಚಲಿಗೆ ಹೋಗಿಬರುವುದೂ ಅಂಜಿಕೆ. ಮಗು ಮಿಸುಕಿದರೆ ಒಂದು ಗಳಿಗೆ ಹಿಗ್ಗು. ಮಿಸುಕು ನಿಂತಂತೆ ತೋರಿದರೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಸುದ್ದಿಯನ್ನು ಐದು ತಿಂಗಳು ಮುಚ್ಚಿಡುತ್ತಾರೆ. ಕುಬಸ ಮಾಡುವುದಕ್ಕೆ ಮನೆಯವರು ಹೊರಟರೆ ಅವಳೇ ಬೇಡವೆನ್ನುತ್ತಾಳೆ. ಹಸಿರು ಬಳೆಯ ಮೇಲೆ ಊರಿನ ಕಣ್ಣು ಬೀಳುವುದೆಂಬ ಭಯಕ್ಕಿಂತ, ಆಮೇಲೆ ಆ ಬಳೆಗಳನ್ನು ನೋಡಬೇಕಾದೀತೆಂಬ ಭಯ ದೊಡ್ಡದು. ಉಡಿ ತುಂಬುವ ಹೊತ್ತಿಗೆ, ಮಕ್ಕಳಿಲ್ಲದವಳನ್ನು ಒಳಗೆ ಏನೋ ಕೆಲಸಕ್ಕೆ ಕಳಿಸುವ ನಮ್ಮ ಜಾಣತನವನ್ನು ಅವಳು ಬಲ್ಲಳು; ಒಂದು ಕಾಲಕ್ಕೆ ಹಾಗೆ ಒಳಗೆ ಹೋದವಳು ಅವಳೇ.

ಪಶ್ಚಿಮದಲ್ಲಿ ಇಂಥ ಬಸಿರಿನಿಂದ ಹುಟ್ಟಿದ ಕೂಸನ್ನು ಈಚೆಗೆ ಕಾಮನಬಿಲ್ಲಿನ ಮಗು ಎನ್ನುತ್ತಾರೆ. ಬಿರುಗಾಳಿಯ ಮಳೆ ಹೋಗಿ ಬಣ್ಣ ಮೂಡಿತು ಎಂಬ ಭಾವ. ಮಾತು ಚೆಲುವಾಗಿದೆ, ನಿಜ. ಆದರೆ ಬಿಲ್ಲು ಮೂಡಿದ ಮೇಲೂ ಒಂಬತ್ತು ತಿಂಗಳ ಮೋಡ ತಾಯಿಯ ಎದೆಯಿಂದ ಪೂರ್ತಿ ಚೆದುರುವುದಿಲ್ಲ. ಕೂಸನ್ನು ಆಕಾಶಕ್ಕೆ ಏರಿಸುವ ಹೆಸರಿಗಿಂತ, ತಿಪ್ಪೆಯಲ್ಲಿ ಬಚ್ಚಿಡುವ ನಮ್ಮವರ ಹೆಸರೇ ಆ ಅಂಜಿಕೆಯನ್ನು ಹೆಚ್ಚು ಪ್ರಾಮಾಣಿಕವಾಗಿ ಒಪ್ಪಿಕೊಂಡಿತೆಂದು ನನ್ನ ಎಣಿಕೆ. ಈಗ ಮಕ್ಕಳಿಗೆ ತಿಪ್ಪ ಎಂದು ಹೆಸರಿಡಿರೆಂದು ನಾನು ಹೇಳುತ್ತಿಲ್ಲ!

ಮಗು ಬಾರದೆಯೇ ಉಳಿದವರ ಮಾತೂ ಇದೆ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ 385 ಆಲದ ಮರಗಳನ್ನು ಗಂಡನೊಡನೆ ನೆಟ್ಟು ಬೆಳೆಸಿದ ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡಾಗ, ಮರಗಳೇ ಆಕೆಯ ಮಕ್ಕಳೆಂದು ಎಲ್ಲರೂ ಬರೆದರು. ಆಕೆಗೆ ಆ ಮಾತು ಒಪ್ಪುತ್ತದೆ. ಆದರೆ ಮಕ್ಕಳಿಲ್ಲದ ಪ್ರತಿಯೊಬ್ಬಳಿಗೂ ಗಿಡವನ್ನೋ ಸಮಾಜಸೇವೆಯನ್ನೋ ಪರಿಹಾರವಾಗಿ ಸೂಚಿಸುವ ಉತ್ಸಾಹ ಸಲ್ಲದು. ಬಿಸಿಲಿನಲ್ಲಿ ಕೊಡಗಟ್ಟಲೆ ನೀರು ಹೊತ್ತ ಆ ದಂಪತಿಗಳ ಕೆಲಸ ಇತರರಿಗೆ ವಿಧಿಸುವ ಪ್ರಾಯಶ್ಚಿತ್ತವಲ್ಲ.

ಕಾನೂನು ಈ ನಷ್ಟವನ್ನು ಬಹು ಹಿಂದೆಯೇ ಗುರುತಿಸಿದೆ ಎಂಬುದು ಅನೇಕರಿಗೆ ತಿಳಿಯದು. 1961ರ ಹೆರಿಗೆ ಸೌಲಭ್ಯ ಕಾಯಿದೆ ಗರ್ಭಪಾತವಾದ ಹೆಂಗಸಿಗೆ ಆರು ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಶಾಲೆ, ಕಚೇರಿ, ಕಾರ್ಖಾನೆಗಳಲ್ಲಿರುವವರು ಕೇಳಿ ಪಡೆಯಬಹುದು. ಕೇಳಲು ನಾಚಿ ಜ್ವರವೆಂದು ಅರ್ಜಿ ಬರೆಯುವವರೇ ಹೆಚ್ಚು. ಭದ್ರಾ ನಾಲೆಯ ಬಯಲಿನಲ್ಲಿ ಬತ್ತದ ನಾಟಿಗೆ ಹೋಗುವವರಿಗೆ ಅರ್ಜಿ ಬರೆಯುವ ಜಾಗವೂ ಇಲ್ಲ. ಹೊರಡುವಾಗ ಅಜ್ಜಿಯನ್ನು, ಹೊಟ್ಟೆಯಲ್ಲೇ ಹೋದಾಗ ಎಷ್ಟು ದಿನ ಮನೆಯಲ್ಲಿದ್ದಿರಿ ಎಂದು ಕೇಳಿದ್ದೆ. "ಮೂರು ದಿನ ಮಲಗಿದ್ದೆ. ನಾಕನೇ ದಿನ ಸಸಿ ಬಲಿತಾವೆ ಅಂತ ಕರೀಲಿಕ್ಕೆ ಬಂದ್ರು, ಹೋದೆ" ಎಂದರು.