ಹೂವಿನ ಫೋಟೊ ಸರಿ, ಬೀಜದ ಲೆಕ್ಕ ಗೊತ್ತಾ?

ಊಟಿಗೋ ವಯನಾಡಿಗೋ ಹೊರಟ ನಮ್ಮ ಗ್ಯಾಂಗ್‌ಗಳು ಗುಂಡ್ಲುಪೇಟೆ ಹತ್ತಿರ ಗಾಡಿ ನಿಲ್ಲಿಸೋದು ಸೂರ್ಯಕಾಂತಿ ಹೊಲದ ಮುಂದೆ. ನಮಗೆ ಹೂವು ಬೇಕು. ಆದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರೈತರಿಗೆ ಬೀಜ ಎಷ್ಟು ತುಂಬಿದೆ, ಅದರಲ್ಲಿ ಎಣ್ಣೆ ಎಷ್ಟಿದೆ ಅನ್ನೋದು ಮುಖ್ಯ. ಇದು ತಳಿಯಿಂದ ತಳಿಗೆ ಬದಲಾಗುತ್ತದೆ.

ಮೊದಲು ಮಾರ್ಡನ್. ಇದು ಗಿಡ್ಡ ತಳಿ, ಸುಮಾರು 80 ದಿನಕ್ಕೆ ಕೊಯ್ಲಿಗೆ ಬರುತ್ತೆ. ಮಳೆ ಬೇಗ ಕೈಕೊಟ್ಟರೂ ಬಚಾವ್. ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದು. ಆದರೆ ಎಣ್ಣೆ ಸುಮಾರು ಶೇ. 35 ಅಷ್ಟೇ.

ಇನ್ನು ಹೈಬ್ರಿಡ್‌ಗಳು. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬಂದದ್ದು 1980ರಲ್ಲಿ, ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದಲೇ. ಆಮೇಲೆ ಅಲ್ಲಿಂದ ಕೆಬಿಎಸ್‌ಎಚ್-1, 44, 53 ಬಂದವು. ಕೆಬಿಎಸ್‌ಎಚ್-1ರಲ್ಲಿ ಎಣ್ಣೆ ಶೇ. 40 ದಾಟುತ್ತದೆ. ಆದರೆ ಹೈಬ್ರಿಡ್ ಬೆಳೆಯ ಬೀಜವನ್ನೇ ಮತ್ತೆ ಬಿತ್ತಿದರೆ ಗಿಡಗಳು ಒಂದೇ ಸಮ ಬರಲ್ಲ, ಇಳುವರಿಯೂ ಇಳಿಯುತ್ತೆ. ಹಾಗಾಗಿ ಪ್ರತಿ ಸಲ ಹೊಸ ಬೀಜ ಕೊಳ್ಳಬೇಕು.

ಎಣ್ಣೆ ಎಷ್ಟು ಅನ್ನೋದರ ಜೊತೆಗೆ ಎಂಥದ್ದು ಅನ್ನೋದೂ ಇದೆ. ಆಲಿವ್ ಎಣ್ಣೆಗೆ ಅಷ್ಟು ಹೆಸರು ಬರಲು ಒಂದು ಕಾರಣ ಓಲೀಕ್ ಆಮ್ಲ. ಅದರಲ್ಲಿ ಇದು ಶೇ. 55ರಿಂದ 83ರವರೆಗೆ ಇರುತ್ತದೆ. ಮಾಮೂಲಿ ಸೂರ್ಯಕಾಂತಿಯಲ್ಲಿ ಲಿನೋಲಿಯಿಕ್ ಆಮ್ಲವೇ ಜಾಸ್ತಿ. ಇದು ಗಾಳಿ, ಬಿಸಿ ತಾಗಿದರೆ ಬೇಗ ಕೆಡುತ್ತೆ. 1970ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ಬೀಜಕ್ಕೆ ರಾಸಾಯನಿಕ ಉಪಚಾರ ಮಾಡಿ, ಓಲೀಕ್ ಹೆಚ್ಚಿರುವ ಪೆರ್ವೆನೆಟ್ಸ್ ತಳಿ ಪಡೆದರು. ಇಂದಿನ ಹೈ-ಓಲೀಕ್ ತಳಿಗಳಿಗೆ ಅದೇ ಮೂಲ. ಹವಾಮಾನದ ಪಾತ್ರವೂ ಇದೆ: ಕಾಳು ಕಟ್ಟುವಾಗ ಸೆಕೆ ಇದ್ದರೆ ಮಾಮೂಲಿ ತಳಿಯಲ್ಲೂ ಓಲೀಕ್ ಏರುತ್ತದೆ, ತಂಪಿದ್ದರೆ ಲಿನೋಲಿಯಿಕ್.

ಈಗ ಸಣ್ಣ ಲೆಕ್ಕ. ಇಬ್ಬರು ರೈತರು ತಲಾ 10 ಕ್ವಿಂಟಲ್ ಬೀಜ ತಂದರು ಅಂದುಕೊಳ್ಳೋಣ. ಒಬ್ಬರದು ಶೇ. 35 ಎಣ್ಣೆ, ಅಂದ್ರೆ 350 ಕೆಜಿ. ಇನ್ನೊಬ್ಬರದು ಶೇ. 42, ಅಂದ್ರೆ 420 ಕೆಜಿ. ಬರೀ ತೂಕ ನೋಡಿ ಬೆಲೆ ಕಟ್ಟಿದರೆ ಇಬ್ಬರಿಗೂ ಸಿಗೋದು ಒಂದೇ ದುಡ್ಡು. ಹೆಚ್ಚುವರಿ 70 ಕೆಜಿಯ ಲಾಭ ಮಿಲ್ಲಿಗೆ. ಹಾಗಿದ್ದ ಮೇಲೆ ಒಳ್ಳೆ ಎಣ್ಣೆಯ ತಳಿ ಹುಡುಕಿಕೊಂಡು ರೈತ ಯಾಕೆ ಹೋಗಬೇಕು?

ಬೀಜ ಒಡೆಯದೆಯೇ ಎಣ್ಣೆ ಅಳೆಯುವ ಎನ್‌ಎಂಆರ್, ಎನ್‌ಐಆರ್ ಯಂತ್ರಗಳು ಈಗಾಗಲೇ ಇವೆ. ಅಂಥದ್ದೊಂದು ಅಗ್ಗದ ಮೀಟರ್ ಮಾರುಕಟ್ಟೆಯ ತಕ್ಕಡಿ ಪಕ್ಕದಲ್ಲೇ ಇದ್ದರೆ ತಳಿಯ ಗುಣಕ್ಕೂ ಬೆಲೆ ಬಂದೀತು. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಇದರ ಬಗ್ಗೆ ಒಂದು ಸಲ ಯೋಚನೆ ಮಾಡಿ.