ಆರು ರುಚಿ, ಎಷ್ಟು ಜೋಡಿ?

ಸುಲೇಪೇಟದಿಂದ ಸೇಡಂ ಮ್ಯಾಲಿಂದ ಕಲಬುರಗಿಗೆ ಹೊಂಟ್ರ ಕಾಗಿಣಾ ದಂಡ್ಯಾಗ ಮಳಖೇಡ ಸಿಗ್ತದ. ಸಿಮೆಂಟ್ ಲಾರಿಗಳ ನಡುವ ಕಾಣೋ ಈ ಊರು ರಾಷ್ಟ್ರಕೂಟರ ರಾಜಧಾನಿ ಆಗಿತ್ತು. ಇಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನ ಹೊಗಳಿ, 850ರ ಸುಮಾರಿಗೆ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದ್ರು.

ಅದರಾಗ ಆರು ರುಚಿ ಕೂಡಿಸೋ ಲೆಕ್ಕ ಅದ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಎರಡೆರಡು ಆರಿಸಿದ್ರ ಎಷ್ಟು ಜೋಡಿ?

ಮೊದಲನೇದಕ್ಕ 6 ದಾರಿ, ಎರಡನೇದಕ್ಕ 5. ಗುಣಿಸಿದ್ರ 30. ತಡೀರಿ, ಹುಳಿ-ಖಾರ ಅಂದ್ರೂ ಖಾರ-ಹುಳಿ ಅಂದ್ರೂ ನಾಲಿಗಿಗೆ ಒಂದೇ! ಅರ್ಧ ಮಾಡ್ರಿ: 15.

ಈಗ ಸಂಭವನೀಯತೆ. ಜೋಡಿ ಬರೆದ 15 ಚೀಟಿ ಡಬ್ಬಿಯೊಳಗ ಹಾಕಿ ಒಂದು ಎತ್ರಿ. ಸಿಹಿ ಇರೋ ಚೀಟಿ ಎಷ್ಟು? ಸಿಹಿ ಜೊತಿಗೆ ಉಳಿದ 5 ರುಚಿ, ಅಂದ್ರ 5 ಚೀಟಿ. 15ರಾಗ 5, ಅಂದ್ರ ಮೂರರಾಗ ಒಂದು.

ಮೂರು ಮೂರು ರುಚಿ ಕೂಡಿಸಿದ್ರ? ವಹಿ ತಗೀರಿ. 20 ಬರಬೇಕು.